ಬಾತುಕೋಳಿಯ ಒಪ್ಪಿಗೆ

ಕೆರೆಯ ದಂಡೆಗೆ ಒಂದು ಗುಡಿಸಲು, ಗುಡಿಸಲಿನಲ್ಲಿ ಒಬ್ಬ ಗುರು. ಮಂತ್ರ ಕಲಿಸುವವರಲ್ಲ, ಫೋಟೊ ತೆಗೆಯುವುದನ್ನು ಕಲಿಸುವವರು. ಹೆಸರು ಕರಿಬಸಯ್ಯ.

ಹಿಂದೆ ಪೇಟೆಯಲ್ಲಿ ಅವರದೊಂದು ಸ್ಟುಡಿಯೋ ಇತ್ತು. ಅಲ್ಲಿ ಒಂದೇ ಕಟ್ಟಳೆ. ಫೋಟೊದಲ್ಲಿರುವವರು ಖುದ್ದಾಗಿ ಬಂದು ನೋಡಿ, ‘ಹೌದು, ಇದು ನಾನೇ’ ಎನ್ನಬೇಕು. ಆಮೇಲೆಯೇ ಅದರ ಬೆನ್ನಿಗೆ ಕರಿಬಸಯ್ಯನವರ ಸಹಿ ಬೀಳುತ್ತಿತ್ತು.

ಪೇಟೆ ಬಿಟ್ಟರು, ಸ್ಟುಡಿಯೋ ಬಿಟ್ಟರು, ಮನುಷ್ಯರನ್ನು ಬಿಟ್ಟು ಕಾಡು ಬಾತುಕೋಳಿಗಳ ಬೆನ್ನು ಹತ್ತಿದರು. ಕಟ್ಟಳೆ ಮಾತ್ರ ಬಿಡಲಿಲ್ಲ. ಇದು ಶಿಷ್ಯ ಚನ್ನವೀರನಿಗೆ ಗೊತ್ತಿರಲಿಲ್ಲ, ಪಾಪ.

ಮರುದಿನ ಪೇಟೆಯಲ್ಲಿ ಫೋಟೊ ಪ್ರದರ್ಶನ. ಗುರುಗಳ ಸಹಿ ಇದ್ದರಷ್ಟೇ ಅಲ್ಲಿ ಪ್ರವೇಶ. ಚನ್ನವೀರನದು ಇದುವರೆಗೆ ಒಂದೂ ಹೋಗಿರಲಿಲ್ಲ. ಈ ಸಲ ಹೋಗೇ ಹೋಗುತ್ತದೆಂದು ಅವನು ಮಾವನ ಮನೆಯವರನ್ನೆಲ್ಲ ಕರೆದು ಕೂತಿದ್ದ. ‘ನಮ್ಮ ಅಳಿಯ ಎಮ್ಮೆ ಹಂಗ ನೀರಾಗ ಬಿದ್ದಿರ್ತಾನ’ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಮಾವನ ಬಾಯಿ ಮುಚ್ಚಿಸಬೇಕಿತ್ತು.

“ನೋಡ್ರಿ ಗುರುಗಳ” ಎಂದು ಫೋಟೊ ಮುಂದಿಟ್ಟ.

ನೀಲಿ ನೀರು. ನಡುವೆ ಒಂದು ಬಾತುಕೋಳಿ, ಮದುವೆಗೆ ಹೊರಟಂತೆ ಥಳಥಳ ಅನ್ನುತ್ತಿತ್ತು.

“ನಮ್ಮ ಕೆರಿ ನೀರು ಯಾವಾಗ ನೀಲಿ ಆತೋ?”

“ಕಂಪ್ಯೂಟರಿನ್ಯಾಗ ಒಂಚೂರು ತಿದ್ದೀನ್ರಿ. ಕೊಕ್ಕಿನ ಮ್ಯಾಲಿನ ಪಾಚಿ ತಗದೆ, ರೆಕ್ಕಿ ಮ್ಯಾಲಿನ ಕೆಸರು ತಗದೆ. ಕಣ್ಣಿಗೆ ಬಿಸಿಲು ಹೊಡದು ಬೆಳ್ಳಗ ಕಾಣ್ತಿತ್ತು. ಬ್ಯಾರೆ ಬಾತುಕೋಳೀದು ಒಂದು ಕಣ್ಣು ತಂದು ಕೂಡ್ರಿಸಿದೆ.”

“ಕಣ್ಣು ಕಡ ತಂದಿ?”

“ಅದು ಬಿಡ್ರಿ. ಈ ಬಾತುಕೋಳಿ ನನ್ನ ಎಷ್ಟು ನಂಬಿತ್ತು ಗೊತ್ತೇನ್ರಿ? ಉಳದವು ನನ್ನ ನೆರಳು ಕಂಡ್ರ ಹಾರ್ತಾವು. ಇದು ಕೈಗೆ ಸಿಗೂವಷ್ಟು ಹತ್ರ ಹೋದ್ರೂ ಅಳ್ಳಾಡಲಿಲ್ಲ. ಸಾಧನಾ ಅಂದ್ರ ಇದ ಅಲ್ಲೇನ್ರಿ?”

ಗುರುಗಳು ಫೋಟೊ ತಿರುಗಿಸಿ ಖಾಲಿ ಬೆನ್ನು ನೋಡಿದರು.

“ಸಹಿ ಹಾಕ್ತೀನಿ. ಅದಕ್ಕೊಮ್ಮೆ ತೋರಿಸಿ, ಹೌದು ಅನಿಸ್ಕೊಂಡು ಬಾ.”

“ಯಾರಿಗ್ರಿ?”

“ಬಾತುಕೋಳಿಗೆ.”

ಚನ್ನವೀರ ನಕ್ಕ. ಗುರುಗಳು ನಗಲಿಲ್ಲ. ಹೋಗಲೇಬೇಕಾಯಿತು.

ಸೊಂಟದ ತನಕ ನೀರಿನಲ್ಲಿ ನಿಂತು ಫೋಟೊ ಎತ್ತಿ ಹಿಡಿದ. ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಈರವ್ವ ಅದರ ಮೈ ತಿಕ್ಕುವ ಹುಲ್ಲಿನ ಸಿಂಬಿ ಬಿಟ್ಟು ಕೂಗಿದಳು:

“ಯಣ್ಣಾ, ಬಾತುಕೋಳಿಗೆ ವರ ತೋರಸಾಕ ಬಂದೀಯೇನು?”

ಬಾತುಕೋಳಿಗಳು ವರನನ್ನು ಒಪ್ಪಲಿಲ್ಲ. ಬುರ್ರೆಂದು ಎದ್ದು ಆಚೆ ದಂಡೆ ಸೇರಿದವು.

“ಎಲ್ಲಾ ಓಡಿ ಹೋದವ್ರಿ” ಎಂದ ಚನ್ನವೀರ, ಗುಡಿಸಲಿನ ಬಾಗಿಲಲ್ಲಿ ನೀರು ಸುರಿಸುತ್ತ.

“ಎಲ್ಲಾವಕ್ಕೂ ಯಾಕ ತೋರಿಸಿದಿ? ಫೋಟೊದಾಗ ಇರೂದಕ್ಕ ತೋರಿಸು.”

ಆಗ ಚನ್ನವೀರ ಫೋಟೊ ನೋಡಿದ. ಅದು ಯಾವ ಬಾತುಕೋಳಿ? ಕೆರೆಯಲ್ಲಿ ಇಂಥದ್ದೊಂದೂ ಇರಲಿಲ್ಲ. ಅಸಲು ಫೋಟೊ ತೆಗೆದು ನೋಡೋಣವೆಂದರೆ, ತಿದ್ದಿದ್ದನ್ನು ಅದರ ಮೇಲೆಯೇ ಸೇವ್ ಮಾಡಿ ಬಿಟ್ಟಿದ್ದ.

ಮತ್ತೆ ಕೆರೆಗಿಳಿದ. ಈ ಸಲ ತಲೆಯ ಮೇಲೆ ಪಾಚಿ ಹೊದ್ದು, ಕುತ್ತಿಗೆ ತನಕ ನೀರಿನಲ್ಲಿ ಸುಮ್ಮನೆ ಕೂತ. ಹಕ್ಕಿಗಳು ಒಂದೊಂದಾಗಿ ತಿರುಗಿ ಬಂದವು. ಅವನು ಕ್ಯಾಮೆರಾ ಇಲ್ಲದೆ ಅವುಗಳನ್ನು ನೋಡಿದ್ದು ಅದೇ ಮೊದಲು. ಒಂದು ಜಗಳಗಂಟಿ, ಒಂದು ಸೋಮಾರಿ, ಇನ್ನೊಂದಕ್ಕೆ ಮೈಯೆಲ್ಲ ಹೊಟ್ಟೆ. ಯಾವುದೂ ಫೋಟೊದಲ್ಲಿದ್ದುದಲ್ಲ.

ಹೊತ್ತು ಇಳಿಯುವಾಗ ಈರವ್ವನ ಎಮ್ಮೆ ಹಗ್ಗ ಬಿಡಿಸಿಕೊಂಡು ಧಡಾರನೆ ನೀರಿಗೆ ನುಗ್ಗಿತು. ಹಿಂಡಿಗೆ ಹಿಂಡೇ ಎದ್ದು ಹಾರಿತು. ಒಂದು ಮಾತ್ರ ಏನೂ ಆಗಿಲ್ಲವೆಂಬಂತೆ ಪಾಚಿ ಕೆದಕುತ್ತ ಉಳಿಯಿತು. ಅದೇ ಇದು!

ಚನ್ನವೀರ ಮೆಲ್ಲಗೆ ತೆವಳಿದ. ಕೈಗೆ ಸಿಗುವಷ್ಟು ಹತ್ತಿರ ಹೋದ. ಅವನ ಕಡೆಗಿದ್ದ ಅದರ ಕಣ್ಣು ಬೆಳ್ಳಗಿತ್ತು. ಸೂರ್ಯ ಮೋಡದಲ್ಲಿದ್ದರೂ ಬೆಳ್ಳಗಿತ್ತು. ಪೊರೆ ಬಂದಿತ್ತು.

ಫೋಟೊ ಹಿಡಿದ. ಅದು ನೋಡಲಿಲ್ಲ. ಕೆಮ್ಮಿದ.

ಬಾತುಕೋಳಿ ಕತ್ತು ಹೊರಳಿಸಿ ಇನ್ನೊಂದು ಕಣ್ಣಿನಿಂದ ಅವನನ್ನು ನೋಡಿತು. ನೋಡಿದ್ದೇ ತಡ, ಕಳ್ಳನನ್ನು ಕಂಡಂತೆ ಕಿರುಚಿ, ಅವನ ಮುಖಕ್ಕೆ ಕೆಸರು ರಾಚಿ, ಹಾರಿಯೇ ಹೋಯಿತು.

ಚನ್ನವೀರನಿಗೆ ಎಲ್ಲಿಲ್ಲದ ನಾಚಿಕೆಯಾಯಿತು. ಆ ನಂಬಿಕೆಯ ಕಥೆಯನ್ನು ಅವನು ಹೆಂಡತಿಗೆ ಹೇಳಿದ್ದ, ಅತ್ತೆಗೆ ಹೇಳಿದ್ದ, ಫೋನು ಎತ್ತಿದವರಿಗೆಲ್ಲ ಹೇಳಿದ್ದ.

ಗುಡಿಸಲಿಗೆ ಬಂದು ಫೋಟೊವನ್ನು ಬೋರಲು ಇಟ್ಟ.

“ಸಹಿ ಬ್ಯಾಡ್ರಿ ಗುರುಗಳ.”

“ಸಿಗಲಿಲ್ಲೇನು ಅದು?”

“ಸಿಕ್ತುರಿ. ಆ ಕಡಿ ಕಣ್ಣು ಕಾಣಂಗಿಲ್ಲರಿ ಅದಕ್ಕ. ನಾ ಕುರುಡು ಕಡಿಂದ ಹೋಗಿ, ನನ್ನ ನಂಬೇತಿ ಅಂತ ತಿಳಕೊಂಡಿದ್ದೆ.”

ಕರಿಬಸಯ್ಯನವರು ಎದ್ದು ಟವೆಲ್ಲು ತಂದು ತಾವೇ ಅವನ ತಲೆ ಒರೆಸಿದರು.

“ನಾಳೆ ಮಾವಗ ಏನು ಹೇಳ್ತಿ?”

“ಇದನ್ನ ಹೇಳ್ತೀನ್ರಿ. ಹೊಟ್ಟಿ ತುಂಬ ನಗಲಿ.” ಚನ್ನವೀರ ಮೂಗು ಒರೆಸಿಕೊಂಡ. “ನಾಡದು ಮತ್ತ ಕೆರಿಗೆ ಇಳೀತೀನಿ. ಅದರ ಹತ್ರ ಯಾವ ಕಡಿಂದ ಹೋಗ್ಲಿರಿ?”

“ಕಣ್ಣು ಕಾಣೂ ಕಡಿಂದ.”

“ಹಂಗ ಹೋದ್ರ ಹಾರಿ ಹೋಗ್ತೈತಲ್ರಿ!”

“ಹೋಗ್ಲಿ ಬಿಡೋ. ನಿನ್ನ ನೋಡೇ ಹೋಗ್ತೈತಲ್ಲ.”