ಹಿಂದಿನ ಸೀಟಿನ ಭಾರ

ಆ ಹಳೆಯ ಕಾರು ನೀಲಾಂಬಿಕೆಯ ಕೈಗೆ ಎಂದೂ ಬಗ್ಗುವುದಿಲ್ಲ ಎಂದವನು ಅವಳ ಸೋದರಮಾವ ಬಸವಂತಪ್ಪ. ಅಂದದ್ದೂ ಇಡೀ ಓಣಿಗೆ ಕೇಳುವ ಹಾಗೆ.

"ನನ್ನ ಹೊಸ ಕಾರ್ ತಗೊಂಡು ಹೋಗವ್ವ. ಅದನ್ನ ಮುಂದಿನ ಗಾಲಿ ಎಳಕೊಂಡು ಹೋಗತಾವ. ಮಠದ ಆ ಮುದಿ ಗಾಡೀನ ಹಿಂದಿನ ಗಾಲಿ ತಳ್ಳಬೇಕು. ಸ್ವಲ್ಪ ಜಾರಿದ್ರೂ ಗಿರಕಿ ಹೊಡಿತದ. ಈಗಷ್ಟ ಕಲಿತ ಹುಡುಗಿಗೆ ಅದು ಆಗೂ ಮಾತಲ್ಲ."

"ನನಗ ಅದ ಬೇಕು. ಇನ್ನ ನಿನ್ನ ಬಾಗಿಲಿಗೆ ಏನೂ ಕೇಳಾಕ ಬರೂದಿಲ್ಲ," ಎಂದು ಅವಳು ನದಿದಂಡೆಯ ಮಠಕ್ಕೆ ನಡೆದಳು.

ಕಾರು ಗುರು ಚನ್ನಮಲ್ಲಯ್ಯನವರದು. ಅವಳಿಗೆ ಓಡಿಸಲು ಕಲಿಸಿದವರೂ ಅವರೇ.

"ಹೊಸಾದು ಬಿಟ್ಟು ಇದ ಯಾಕ?" ಎಂದರು ಗುರು.

"ಮಾವ ಆಗೂದಿಲ್ಲ ಅಂದ."

"ಹಂಗಾರ ಕಾರು ಆರಿಸಿದವ ನಿಮ್ಮ ಮಾವ."

ಅವಳ ಮುಖ ಕೆಂಪಾಯಿತು. ಆಮೇಲೆ ಹೇಳಿದಳು: "ನಾ ತಪ್ಪು ಮಾಡಿದ್ರ ಇದು ಜಾರಿ ನನ್ನ ಬೆನ್ನಿಗೆ ಹೇಳತದ. ಹೊಸಾದು ಮುಚ್ಚಿಡತದ."

ಗುರು ಕೀಲಿ ಕೊಟ್ಟರು. "ಕೆಳಗ ಮರಳಿನ್ಯಾಗ ನಿಂತದ. ಮ್ಯಾಲಿನ ರಸ್ತೆಗೆ ಹತ್ತಿಸು. ನಿಂದು."

ಅವಳು ಹತ್ತಿಸಲು ಹೋದಳು. ಹಿಂದಿನ ಗಾಲಿಗಳು ಮರಳು ಉಗುಳಿದವು, ಕಾರು ಇದ್ದಲ್ಲೇ ಕುಸಿಯಿತು.

ಮರಳು ತೋಡಿ ಗಾಲಿ ಬಿಡಿಸಿದಳು. ಭಾರ ಹೆಚ್ಚಾಯಿತೆಂದು ಡಿಕ್ಕಿಯಲ್ಲಿದ್ದ ಸ್ಟೆಪ್ನಿ ತೆಗೆದಿಟ್ಟಳು. ಜ್ಯಾಕ್ ತೆಗೆದಳು. ಹಿಂದಿನ ಸೀಟಿನಲ್ಲಿದ್ದ ಮಠದ ಜೋಳದ ಚೀಲವನ್ನೂ ಇಳಿಸಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತು.

ಈ ಸಲ ಗಾಲಿ ಇನ್ನೂ ಆಳಕ್ಕೆ ಹೋಯಿತು.

ಗುರು ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದರು. "ಹಿಂದ ಏನೂ ಇಲ್ಲದ ಹಿಂದಿನ ಗಾಲಿ ನೆಲಾನ ಹೆಂಗ ಹಿಡೀಬೇಕವ್ವ?"

ಅವಳು ಹಣೆ ಚಚ್ಚಿಕೊಂಡಳು. "ಮರಳು ತುಂಬಿ ಚೀಲ ಇಡ್ತೀನಿ."

"ಮರಳು ಸುಮ್ಮನ ಕೂಡತದ. ದಾರಿಯೊಳಗ ಹಿಂದ ಕುಂತವರು ಸುಮ್ಮನ ಕೂಡೂದಿಲ್ಲ, ಅದನ್ನೂ ಕಲೀಬೇಕು. ನಿನಗ ಗೊತ್ತಿದ್ದವರೊಳಗ ಎಲ್ಲಾರಕಿಂತ ಭಾರ ಯಾರು?"

ಅವಳು ನದಿಯ ಕಡೆ ಮುಖ ಮಾಡಿ ನಿಂತಳು.

"ಮಾವನ್ನ ಕರಿಯೂದಕಿಂತ ಗಾಡಿ ಇಲ್ಲೇ ಹುಗದು ಹೋಗಲಿ ಬಿಡ್ರಿ."

"ಹೋಗಲಿ," ಎಂದರು ಗುರು. ಎದ್ದು ಒಳಗೆ ಹೋದರು.

ಮಧ್ಯಾಹ್ನದ ಬಿಸಿಲು ಕಾರಿನ ಮೇಲೆ ಬಿತ್ತು. ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು, ಅದು ಸುಟ್ಟಾಗ ಹಿಂದೆಗೆದಳು. ಆಮೇಲೆ ಊರಿನ ಕಡೆ ನಡೆದಳು.

ಬಸವಂತಪ್ಪ ಊಟಕ್ಕೆ ಕುಳಿತಿದ್ದ. ಅವಳು ಹೊಸ್ತಿಲ ಹೊರಗೇ ನಿಂತಳು.

"ಏನು, ಸೋತೀಯೇನ?"

"ಇಲ್ಲ ಮಾವ. ನಿನ್ನ ಭಾರ ಬೇಕಾಗೇದ. ಬಾ, ಹಿಂದ ಕುಂದರು."

ಅವನು ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ನಕ್ಕ. ಕೈ ತೊಳೆದು ಹೊರಟ.

ಅವಳು ಮತ್ತೆ ಮರಳು ತೋಡಿದಳು. ಇಳಿಸಿದ್ದನ್ನೆಲ್ಲ ತುಂಬಿದಳು. ಬಸವಂತಪ್ಪ ಹಿಂದೆ ಕುಳಿತಾಗ ಕಾರು ನಿಟ್ಟುಸಿರು ಬಿಟ್ಟು ತಗ್ಗಿತು.

"ಜೋರಾಗಿ ಒತ್ತು! ಬ್ಯಾಡ, ಬ್ಯಾಡ, ಬಿಡು! ಎಡಕ್ಕ ಹೊಂಟದ ನೋಡು! ನಾ ಅಂದಿದ್ದಿಲ್ಲೇನ?"

ಅವಳು ತಿರುಗಿ ನೋಡಲಿಲ್ಲ. ಎರಡನೇ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟಳು. ಬೆನ್ನ ಕೆಳಗೆ ಗಾಲಿ ನೆಲ ಕಚ್ಚಿದ್ದು ತಿಳಿಯಿತು. ಕಾರಿನ ಹಿಂಭಾಗ ಒಮ್ಮೆ ಎಡಕ್ಕೆ ಸರಿಯಿತು. ಅವಳೂ ಸ್ಟೇರಿಂಗನ್ನು ಎಡಕ್ಕೇ ಒಂದಿಷ್ಟು ತಿರುಗಿಸಿದಳು. ಕಾರು ನೆಟ್ಟಗಾಯಿತು. ಹತ್ತಿತು.

ರಸ್ತೆಗೆ ಬಂದಾಗ ಬಸವಂತಪ್ಪ ಜೋಳದ ಚೀಲಕ್ಕೆ ಒರಗಿ ಕುಳಿತಿದ್ದ.

ಗುರು ಮೊದಲೇ ಅಲ್ಲಿ ನಿಂತಿದ್ದರು. ಅವಳು ಇಳಿದು ಬೊಬ್ಬೆ ಒಡೆದ ಕೈಗಳನ್ನು ಜೋಡಿಸಿದಳು.

"ಇದಕ್ಕ ನಾ ಏನು ಕೊಡಬೇಕ್ರಿ?"

"ಕಾರು ನಿಂದು. ಅದರ ಬೆಲಿ ನಿನ್ನ ಹಟ. ಅದನ್ನ ನಿಮ್ಮ ಮಾವನ ಹೊಸ್ತಿಲ ಮ್ಯಾಲೆ ಇಟ್ಟು ಬಂದೀಯಲ್ಲ, ತಿರುಗಿ ಎತ್ತಿಕೊಳ್ಳಾಕ ಹೋಗಬ್ಯಾಡ."