ಕೆಂಚವ್ವನ ಹತ್ತಿರ ಗಾಳಿ ನೂಲಲು ಕಲಿತದ್ದು

ಭೂಮಿ ಆಗಿನ್ನೂ ಹೊಸದು. ಗುಡ್ಡಗಳ ಮಣ್ಣು ಹಸಿಯಾಗಿತ್ತು, ಹಳ್ಳಗಳು ದಾರಿ ಹುಡುಕುತ್ತಿದ್ದವು. ಗಾಳಿಗೆ ನೆಟ್ಟಗೆ ಓಡುವುದೊಂದೇ ಗೊತ್ತಿತ್ತು.

ಬಯಲಿನಲ್ಲಿ ಕೆಂಚವ್ವ ಎಂಬ ಕುರಿಗಾರ್ತಿ ಇದ್ದಳು. ಅವಳ ಮಗಳು ಆಗಷ್ಟೇ ಹೆತ್ತಿದ್ದಳು. ಚಳಿಗಾಲ ಕಾಲಿಟ್ಟಿತ್ತು. ಹೊದಿಸಲು ಏನೂ ಇಲ್ಲದೆ ಕೂಸು ನಡುಗುತ್ತಿತ್ತು.

ಕರಿ ಕುರಿಯೊಂದು ಕೆಂಚವ್ವನ ಮುಂದೆ ಬಂದು ನಿಂತಿತು. "ನನ್ನ ಉಣ್ಣೆ ಕತ್ತರಿಸಿಕೋ ಅವ್ವಾ. ನನಗೆ ಮತ್ತೆ ಬೆಳೆಯುತ್ತೆ" ಅಂದಿತು.

ಕತ್ತರಿಸಿ ರಾಶಿ ಹಾಕಿದಳು. ಗಾಳಿ ಬಂತು, ಹೊತ್ತುಕೊಂಡು ಹೋಯಿತು. ಎರಡನೆಯ ಕುರಿ ಕೊಟ್ಟಿತು. ಗಾಳಿ ಅದನ್ನೂ ಹೊತ್ತುಕೊಂಡು ಹೋಯಿತು.

"ಹಗುರಾದದ್ದೆಲ್ಲ ನನ್ನದು" ಅಂದಿತು ಗಾಳಿ.

ಕೆಂಚವ್ವ ಜಗಳಕ್ಕೆ ಹೋಗಲಿಲ್ಲ. ಮೂರನೆಯ ಕುರಿಯ ಉಣ್ಣೆಯನ್ನು ಮಡಿಲಲ್ಲಿ ಅದುಮಿಕೊಂಡು ಕೂತಳು. ಕೂಸಿನ ಚಿಂತೆಯಲ್ಲಿ ಅವಳ ಬೆರಳು ಸುಮ್ಮನೆ ಒಂದು ಎಳೆಯನ್ನು ಹೊಸೆಯುತ್ತಿತ್ತು. ಎಳೆ ಗಟ್ಟಿಯಾಯಿತು. ಎಳೆದು ನೋಡಿದಳು, ಹರಿಯಲಿಲ್ಲ. ಕಡ್ಡಿಗೆ ಮಣ್ಣಿನ ಉಂಡೆ ಮೆತ್ತಿ, ಎಳೆಯ ತುದಿ ಕಟ್ಟಿ, ಗಿರ್ರನೆ ತಿರುಗಿಸಿ ಬಿಟ್ಟಳು. ಮಾರುದ್ದ ನೂಲು ಇಳಿಯಿತು. ಇನ್ನೊಂದು ಮಾರು. ಮತ್ತೊಂದು ಮಾರು.

ಗಾಳಿ ಬಂದು ನೂಲನ್ನು ಜಗ್ಗಿತು. ಮರ ಬಗ್ಗುವಷ್ಟು ಜೋರಾಗಿ ಜಗ್ಗಿತು. ನೂಲು ಗುಂಯ್ ಅಂದಿತೇ ಹೊರತು ಹರಿಯಲಿಲ್ಲ.

ಕೆಂಚವ್ವ ನಾಲ್ಕು ಗೂಟ ನೆಟ್ಟಳು. ಉದ್ದಕ್ಕೆ ನೂಲು ಹಾಸಿ, ಅಡ್ಡಕ್ಕೆ ನೂಲು ಹಾಯಿಸಿ, ಒತ್ತೊತ್ತಾಗಿ ಬಡಿದು ನೇಯ್ದಳು. ಏಳನೆಯ ದಿನ ಆ ಕಂಬಳಿಯನ್ನು ಕೂಸಿಗೆ ಹೊದಿಸಿದಳು. ಗಾಳಿ ಸುತ್ತಲೂ ತಡಕಾಡಿತು. ಒಳಗೆ ನುಗ್ಗಲು ಒಂದು ಸಂದಿಯೂ ಸಿಗಲಿಲ್ಲ. ಕೂಸು ಬೆಚ್ಚಗೆ ನಿದ್ದೆಹೋಯಿತು.

ಗಾಳಿ ಅವಳ ಕಾಲ ಬಳಿ ತಗ್ಗಿ ನಿಂತಿತು. "ನನಗೂ ಕಲಿಸು ತಾಯಿ" ಅಂದಿತು.

ಕೆಂಚವ್ವನ ಬೆನ್ನು ನೆಟ್ಟಗಾಯಿತು. ಮರ ಬಗ್ಗಿಸುವ ಗಾಳಿ ತನ್ನ ಮುಂದೆ ಬಗ್ಗಿ ನಿಂತಿದೆ.

"ಓಡಬೇಡ. ಒಂದೇ ಕಡೆ ನಿಂತು ತಿರುಗು. ಹಿಡಿದದ್ದನ್ನ ಬಿಡಬೇಡ" ಅಂದಳು.

ಗಾಳಿ ತಿರುಗಿತು. ಮಣ್ಣು, ಒಣಹುಲ್ಲು, ತರಗೆಲೆ ಎಲ್ಲವನ್ನೂ ಎತ್ತಿ ಹೊಸೆಯಿತು. ಆಳೆತ್ತರ ಎದ್ದಿತು, ಮರದೆತ್ತರ ಎದ್ದಿತು. ಆದರೆ ಹಿಡಿದದ್ದನ್ನು ಬಿಡುವ ಹಳೇ ಚಾಳಿ ಹೋಗಲಿಲ್ಲ. ಎಲ್ಲ ಚೆಲ್ಲಿಹೋಯಿತು.

"ಮತ್ತೆ ಮಾಡು" ಅಂದಳು ಕೆಂಚವ್ವ. "ನಾನೂ ಒಂದೇ ದಿನಕ್ಕೆ ನೇಯ್ದವಳಲ್ಲ."

ನೋಡು ಮಗು, ಬೇಸಿಗೆಯ ಮಧ್ಯಾಹ್ನ ಕೊಯ್ಲಾದ ಹೊಲದಲ್ಲಿ ಸುಳಿಗಾಳಿ ಧೂಳೆತ್ತಿಕೊಂಡು ಗಿರಗಿರ ತಿರುಗುತ್ತದಲ್ಲ, ಅದು ನಮ್ಮ ಕೆಂಚವ್ವ ಹೇಳಿಕೊಟ್ಟ ಪಾಠವನ್ನು ಇನ್ನೂ ಕಲಿಯುತ್ತಲೇ ಇದೆ.