ಸಿಂಗರಸನ ಮೈಭಾರ

“ಕಲ್ಗೋಟೆಯ ಪ್ರಜೆಗಳೇ, ಕೇಳಿ! ದೊರೆ ಸಿಂಗರಸರ ಮೂರು ಒಗಟು ಬಿಡಿಸಿ ಅವರ ಮೈಭಾರ ಇಳಿಸಿದವರಿಗೆ ಅರ್ಧ ರಾಜ್ಯ. ಸೋತವರಿಗೆ ಶಿರಚ್ಛೇದ!”

ಡಂಗುರ ಕೇಳಿ ಜನ ನಡುಗಿದರು. ಸಿಂಗರಸ ಕುದುರೆ ಏರಲಾರದಷ್ಟು ದಪ್ಪಗಾಗಿದ್ದ. ವೈರಿಗಳು ಗಡಿಯ ಕೋಟೆಯನ್ನು ನುಂಗಿದ್ದರು. ಊಟ ಕಡಿಮೆ ಮಾಡಿ ಎಂದ ವೈದ್ಯನನ್ನು ಅವನು ಆನೆಯಿಂದ ತುಳಿಸಿದ್ದ.

ಮೊದಲು ನೆರೆನಾಡಿನ ರಾಜಕುಮಾರ ಬಂದ.

“ಕೊಟ್ಟಷ್ಟೂ ಇನ್ನಷ್ಟು ಬೇಡುತ್ತದೆ. ಕೊಡದಿದ್ದರೆ ಕೂಗಾಡಿ ಸುಮ್ಮನಾಗುತ್ತದೆ. ಏನದು?” ಎಂದ ದೊರೆ.

“ಬೆಂಕಿ.”

“ಬೆಂಕಿ ಎಲ್ಲಾದರೂ ಕೂಗಾಡುತ್ತದೆಯೇ?” ಕತ್ತಿ ಬಿತ್ತು.

ಮರುದಿನ ಬಂದ ಪಂಡಿತ ಅದು ಹಸಿವೆಂದು ಹೇಳಿ ಆ ಒಗಟನ್ನು ಗೆದ್ದ. ದೊರೆ ಎರಡನೆಯದನ್ನು ಕೇಳಿದ: “ದಿನವೂ ತುಂಬುವ ಉಗ್ರಾಣ, ಒಂದು ಕಾಳೂ ಹೊರಗೆ ಬಾರದು. ಎಲ್ಲಿದೆ?”

“ಜಿಪುಣನ ಮನೆಯಲ್ಲಿ.” ಅವನ ರಕ್ತವೂ ಕಲ್ಲಿನ ಮೇಲೆ ಹರಿಯಿತು.

ಅದೇ ಸಂಜೆ ಮೆಟ್ಟಿಲಲ್ಲಿ ದೊರೆಯ ಪಲ್ಲಕ್ಕಿ ಮಗುಚಿತು. ದೊರೆಯ ಅಡಿಯಲ್ಲಿ ಸಿಕ್ಕ, ಪಲ್ಲಕ್ಕಿ ಹೊರುವ ಬೋಯಿಯೊಬ್ಬ ಎದೆ ಒಡೆದು ಸತ್ತ. ಉಳಿದ ಬೋಯಿಗಳನ್ನೆಲ್ಲ ಕೊಲ್ಲಿರೆಂದು ದೊರೆ ಅರಚಿದ. ಅವರಲ್ಲಿ ಮೈಲಾರಿ ಎಂಬ ಯುವಕ ಮುಂದೆ ಬಂದ.

“ಬುದ್ಧಿ, ಹೇಗಿದ್ದರೂ ಸಾಯುವವನು ನಾನು. ಒಗಟು ಬಿಡಿಸಿದರೆ ನನ್ನವರನ್ನು ಬಿಡುತ್ತೀರಾ?”

“ಬಿಡುತ್ತೇನೆ. ಹೇಳು.”

“ಮೊದಲನೆಯದು ಹಸಿವು, ಅದನ್ನು ಪಂಡಿತರೇ ಎಲ್ಲರೆದುರು ಹೇಳಿದರು. ಆ ಉಗ್ರಾಣ ತಮ್ಮ ಮೈ. ತಿಂದದ್ದೆಲ್ಲ ಕೊಬ್ಬಾಗಿ ಅಲ್ಲೇ ಕೂತಿದೆ. ನನ್ನ ಗೆಳೆಯನನ್ನು ಕೊಂದದ್ದೂ ಅದೇ.”

ದೊರೆಯ ಮುಖ ಕೆಂಪಾಯಿತು. ಆದರೂ ಉತ್ತರ ಒಪ್ಪಿ ಮೂರನೆಯದನ್ನು ಕೇಳಿದ:

“ಉಗ್ರಾಣದ ಬೀಗ ತೆಗೆಯುವ ಕೀಲಿ ಯಾವುದು? ಇದರ ಉತ್ತರ ನನಗೂ ಗೊತ್ತಿಲ್ಲ. ಮಾಡಿ ತೋರಿಸಬೇಕು.”

“ಉಪವಾಸ. ಹೊಟ್ಟೆ ತುಂಬಿದ್ದರೆ ಪಲ್ಲಕ್ಕಿ ಹೊರಲಾಗದು, ಬುದ್ಧಿ. ನಾವು ಹೊತ್ತು ನೆತ್ತಿಗೇರುವವರೆಗೆ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಆಮೇಲೆ ಒಂದೂಟ, ಮುಳುಗುವ ಮೊದಲು ಇನ್ನೊಂದು. ಹೊರಗಿನಿಂದ ಬಾರದಿದ್ದರೆ ಮೈ ಒಳಗಿನದನ್ನು ತೆಗೆದು ಉಣ್ಣುತ್ತದೆ.”

ಅದನ್ನು ಮಾಡಿ ನೋಡಲು ದೊರೆ ಅವನೊಡನೆ ಒಂದೇ ಕೋಣೆಯಲ್ಲಿ ಉಳಿದ. ಮೊದಲ ಬೆಳಿಗ್ಗೆಯೇ ಹಸಿವಿನ ಹುಚ್ಚಿನಲ್ಲಿ ಕಠಾರಿ ಹಿರಿದು ಮೈಲಾರಿಯ ಭುಜ ಸೀಳಿದ. “ಅನ್ನ ತರಿಸೋ!”

ರಕ್ತ ಸುರಿಯುತ್ತಿದ್ದರೂ ಮೈಲಾರಿ ಬಾಗಿಲು ಬಿಡಲಿಲ್ಲ. “ಇನ್ನೊಮ್ಮೆ ಇರಿಯಿರಿ. ಆದರೆ ಆ ಹಸಿವಿನ ಕೂಗು ಈಗ ಇಳಿಯುತ್ತದೆ, ನೋಡಿ.”

ದೊರೆ ಏದುಸಿರು ಬಿಡುತ್ತ ಗೋಡೆಗೊರಗಿದ. ನೀರು ಕುಡಿದ. ಸ್ವಲ್ಪ ಹೊತ್ತಿಗೆ ಹಸಿವು ಅಡಗಿತು. ತಾನು ಸೀಳಿದ ಭುಜವನ್ನು ಕಂಡು ತನ್ನ ಉತ್ತರೀಯವನ್ನೇ ಹರಿದು ಕಟ್ಟಿದ. ಯಾರಿಗಾದರೂ ಅವನು ಹಾಗೆ ಮಾಡಿದ್ದು ಅದೇ ಮೊದಲು.

ಮಳೆಗಾಲ ಕಳೆಯುವ ಹೊತ್ತಿಗೆ ಸಿಂಗರಸ ಮೈ ಕರಗಿ ಕುದುರೆ ಏರಿದ, ಮಾತಿನಂತೆ ಉಳಿದ ಬೋಯಿಗಳನ್ನೂ ಬಿಟ್ಟ. ಗಡಿಯ ಕೋಟೆಗೆ ನುಗ್ಗಿ, ಹೆಣಗಳ ನಡುವೆ ಬಾವುಟ ನೆಟ್ಟ.

ಮಂತ್ರಿಗಳು, “ಬೋಯಿಗೆ ಒಂದು ಚೀಲ ಹೊನ್ನು ಸಾಕು” ಎಂದರು.

ಮೈಲಾರಿ ತಲೆಯೆತ್ತಿದ. “ಅರ್ಧ ರಾಜ್ಯ ಎಂದದ್ದು ದೊರೆಯ ಮಾತು.”

ಸಿಂಗರಸ ನಕ್ಕು ತನ್ನ ಮುದ್ರೆಯುಂಗುರ ತೆಗೆದು ಅವನ ಬೆರಳಿಗೆ ತೊಡಿಸಿದ. ತನ್ನ ಪಾಲಿಗೆ ಬಂದ ಸೀಮೆಯಲ್ಲಿ ಮೈಲಾರಿ ಮೊದಲು ಮಾಡಿಸಿದ ಕೆಲಸ, ತಲೆ ಕಡಿಯುವ ಕಟ್ಟೆಯನ್ನು ಒಡೆಸಿದ್ದು.